ಬಾರದವರ ಲೆಕ್ಕ

ಚರ್ಚಿಗೆ ಬಾರದವರನ್ನು ತಲುಪುವುದು ಹೇಗೆ ಎಂಬ ಮಾತು ಸಭಾ ಸಮಿತಿಯಲ್ಲಿ ಎದ್ದರೆ ಚರ್ಚೆ ಬಹುಬೇಗ ಸಾಧನಗಳ ಕಡೆ ಹೊರಳುತ್ತದೆ. ಉಜ್ಜೀವನ ಕೂಟ ನಡೆಸೋಣ, ಗಾಯನ ತಂಡಕ್ಕೆ ಹೊಸ ಕೀಬೋರ್ಡ್ ಕೊಳ್ಳೋಣ, ಆರಾಧನೆಯನ್ನು ಯೂಟ್ಯೂಬಿನಲ್ಲಿ ಬಿಡೋಣ, ಯುವಕರಿಗೆ ಶಿಬಿರ ಇಡೋಣ ಎಂದು ಸಲಹೆಗಳು ಸಾಲುಗಟ್ಟುತ್ತವೆ. ಬಾರದವರು ಯಾರು, ಎಷ್ಟು ಮನೆಗಳವರು, ಯಾವಾಗಿನಿಂದ ಬಂದಿಲ್ಲ, ಏಕೆ ಬಂದಿಲ್ಲ ಎಂದು ಕೇಳಿದರೆ ಮಾತ್ರ ಅದೇ ಸಮಿತಿಯಲ್ಲಿ ಖಚಿತ ಉತ್ತರ ಸಿಗುವುದು ಅಪರೂಪ. ಉಜ್ಜೀವನ ಕೂಟಗಳಿಗೆ ಹೆಚ್ಚಾಗಿ ಬರುವವರು ಪ್ರತಿ ಭಾನುವಾರ ಬರುವವರೇ. ಬಾರದವರ ಮನೆಗೆ ಕೂಟದ ಕರಪತ್ರ ಹೋದರೂ ಕರೆ ಹೋಗಿರುವುದಿಲ್ಲ. ಬಾರದವರು ಒಂದೇ ಗುಂಪಿನವರಲ್ಲ, ಅವರ ಕಾರಣಗಳೂ ಒಂದೇ ಅಲ್ಲ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಈ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯ. ಮೊದಲು ಮನೆಮನೆಯ ಕಾರಣ ತಿಳಿಯಬೇಕು, ಆ ಕಾರಣಗಳಲ್ಲಿ ಚರ್ಚಿನ ಪಾಲೆಷ್ಟು ಎಂದು ನೋಡಿ ತಿದ್ದಿಕೊಳ್ಳಬೇಕು, ಕಾರ್ಯಕ್ರಮಗಳ ಮಾತು ಆಮೇಲೆ. ಕರ್ನಾಟಕದ ಚರ್ಚುಗಳ ಸ್ಥಿತಿಯನ್ನು ಮುಂದಿಟ್ಟುಕೊಂಡು, ಬೇರೆಡೆಯ ಅನುಭವದ ಜೊತೆ ಹೋಲಿಸಿ ಈ ವಾದವನ್ನು ಪರಿಶೀಲಿಸಬಹುದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಸಂಖ್ಯೆ ಸುಮಾರು 11.4 ಲಕ್ಷ, ಒಟ್ಟು ಜನಸಂಖ್ಯೆಯ ಶೇ. 1.87. ಜನಗಣತಿ ಧರ್ಮವನ್ನು ಕೇಳುತ್ತದೆ, ಹಾಜರಿಯನ್ನು ಕೇಳುವುದಿಲ್ಲ. ಹಾಜರಿಯ ಲೆಕ್ಕ ಇಡಬಲ್ಲದ್ದು ಆಯಾ ಊರಿನ ಸಭೆ ಮಾತ್ರ. ಆದರೆ ಚರ್ಚಿನ ದಾಖಲೆಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳ ಪುಸ್ತಕ ಅಚ್ಚುಕಟ್ಟಾಗಿರುತ್ತದೆ, ಕಾಣಿಕೆಯ ಲೆಕ್ಕವೂ ಇರುತ್ತದೆ. ಜ್ಞಾನಸ್ನಾನ, ಮದುವೆ, ಮರಣಗಳ ನಡುವಿನ ಮೂವತ್ತು ನಲವತ್ತು ವರ್ಷಗಳ ಬದುಕಿನಲ್ಲಿ ಯಾರು ಯಾವಾಗ ದೂರ ಸರಿದರು ಎಂಬುದಕ್ಕೆ ಪುಸ್ತಕವಿಲ್ಲ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ತಪ್ಪಿಹೋದ ಕುರಿಯ ಸಾಮತಿ ಬರುತ್ತದೆ. ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಹೋದ ಪ್ರೀತಿಯ ಬಗ್ಗೆ ಪ್ರಸಂಗಗಳು ಧಾರಾಳವಾಗಿವೆ. ನೂರರಲ್ಲಿ ಒಂದು ಇಲ್ಲವೆಂದು ಅವನಿಗೆ ಗೊತ್ತಾದದ್ದು ಅವನು ಎಣಿಸಿದ್ದರಿಂದ ಎಂಬ ಮಾತು ಪ್ರಸಂಗಗಳಲ್ಲಿ ಕೇಳಿಬರುವುದು ಕಡಿಮೆ.

ಎಣಿಸಿದರೂ ಕಾರಣವನ್ನು ತಪ್ಪಾಗಿ ತಿಳಿದರೆ ಪರಿಹಾರವೂ ತಪ್ಪುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಚರಿತ್ರೆ ಒಳ್ಳೆಯ ಸಾಕ್ಷಿ. 1851ರ ಮಾರ್ಚ್ 30ರಂದು ಅಲ್ಲಿ ಚರ್ಚಿನ ಹಾಜರಿಯ ಗಣತಿಯೇ ನಡೆಯಿತು. ಬರಬಲ್ಲವರಾಗಿದ್ದೂ ಬಾರದವರ ಸಂಖ್ಯೆ ಕಂಡು ಆ ಕಾಲದ ಧರ್ಮನಾಯಕರು ಗಾಬರಿಯಾದರು. ಸಾಕಷ್ಟು ಆಸನಗಳಿಲ್ಲದ್ದೂ ಒಂದು ಕಾರಣವೆಂದು ಭಾವಿಸಿ ಪಂಗಡಗಳು ಪೈಪೋಟಿಯ ಮೇಲೆ ಕಟ್ಟಡ ಕಟ್ಟಿದವು. ಈ ಚರಿತ್ರೆಯನ್ನು ಪರಿಶೀಲಿಸಿದ ರಾಬಿನ್ ಗಿಲ್ 1993ರ ‘ದಿ ಮಿತ್ ಆಫ್ ದಿ ಎಂಪ್ಟಿ ಚರ್ಚ್’ ಕೃತಿಯಲ್ಲಿ ಬೇರೆಯೇ ತೀರ್ಮಾನಕ್ಕೆ ಬರುತ್ತಾರೆ: ಜನರ ಅಗತ್ಯ ಮೀರಿ ಕಟ್ಟಿದ ಚರ್ಚುಗಳು ಖಾಲಿ ಬೆಂಚುಗಳನ್ನೂ ಸಾಲವನ್ನೂ ಹೆಚ್ಚಿಸಿದವು, ಆ ಖಾಲಿತನವೇ ಇನ್ನಷ್ಟು ಜನ ದೂರವಾಗಲು ಕಾರಣಗಳಲ್ಲಿ ಒಂದಾಯಿತು. ಆ ಗಣತಿಯಾಗಿ ಶತಮಾನಕ್ಕೂ ಹೆಚ್ಚು ಕಾಲದ ನಂತರ ಅದೇ ದೇಶದಲ್ಲಿ ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ, ಬಾರದವರೆಲ್ಲ ನಂಬಿಕೆ ಬಿಟ್ಟವರಲ್ಲ, ಬಹಳ ಮಂದಿ ನಂಬುತ್ತಲೇ ಸೇರದೆ ಉಳಿದವರು ಎಂದು ತೋರಿಸಿದರು. ಫಿಲಿಪ್ ರಿಕ್ಟರ್ ಮತ್ತು ಲೆಸ್ಲಿ ಫ್ರಾನ್ಸಿಸ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಚರ್ಚು ಬಿಟ್ಟವರನ್ನೇ ಕೇಳಿ ಬರೆದದ್ದು. ಬಿಟ್ಟ ಮೊದಲ ವಾರಗಳಲ್ಲಿ ಚರ್ಚಿನವರು ಯಾರೂ ಬಂದು ಏಕೆಂದು ಕೇಳಲಿಲ್ಲ ಎಂಬುದು ಅವರಲ್ಲಿ ಬಹುಪಾಲು ಜನರ ಮಾತು. 2004ರ ಆಂಗ್ಲಿಕನ್ ವರದಿಯೊಂದು ಇದನ್ನೇ ಮುಂದುವರಿಸಿ, ಹಿಂದೆ ಬರುತ್ತಿದ್ದು ಈಗ ಮರಳಲು ಸಿದ್ಧರಿರುವವರು, ಬರುತ್ತಿದ್ದು ನೊಂದು ಬಾಗಿಲು ಮುಚ್ಚಿಕೊಂಡವರು, ಎಂದೂ ಬಾರದವರು ಎಂದು ಬೇರೆಬೇರೆ ಗುರುತಿಸಿತು. ಅಮೆರಿಕದಲ್ಲಿ ಯಾವುದಾದರೂ ಆರಾಧನಾ ಮಂದಿರದ ಸದಸ್ಯರೆಂದು ಹೇಳಿಕೊಂಡವರು 1999ರಲ್ಲಿ ಶೇ. 70ರಷ್ಟಿದ್ದದ್ದು 2020ರಲ್ಲಿ ಶೇ. 47ಕ್ಕೆ ಇಳಿದಿತ್ತು ಎಂದು ಗ್ಯಾಲಪ್ ಸಮೀಕ್ಷೆ ಹೇಳುತ್ತದೆ. ಪ್ರಚಾರ, ಸಂಗೀತ, ಕಟ್ಟಡ, ಟೆಲಿವಿಷನ್ ಯಾವುದಕ್ಕೂ ಕೊರತೆಯಿಲ್ಲದ ದೇಶದ ಕತೆ ಇದು.

ನಮ್ಮಲ್ಲಿನ ಕಾರಣಗಳು ಪಶ್ಚಿಮದ ಕಾರಣಗಳ ನಕಲಲ್ಲ. ಇಲ್ಲಿ ಮೊದಲು ಕಾಣುವವರು ಊರು ಬಿಟ್ಟು ಬಂದವರು. ಮಂಗಳೂರು, ಉಡುಪಿ, ಚಿಕ್ಕಮಗಳೂರು, ಚಾಮರಾಜನಗರ, ಬೀದರ್‌ಗಳಿಂದ ಬೆಂಗಳೂರಿಗೆ ಬಂದ ಯುವಕ ಯುವತಿಯರು ಊರಿನ ಚರ್ಚಿನ ಪುಸ್ತಕದಲ್ಲಿ ಸದಸ್ಯರು, ನಗರದ ಚರ್ಚಿಗೆ ಅಪರಿಚಿತರು. ಜೆ. ವಾಸ್ಕೊಮ್ ಪಿಕೆಟ್ 1933ರಲ್ಲಿ ಭಾರತದ ಸಮೂಹ ಚಳವಳಿಗಳ ಬಗ್ಗೆ ಬರೆದ ಅಧ್ಯಯನವೂ, ಮಧ್ಯಪ್ರದೇಶದ ದಮೋಹ್‌ನಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್‌ಗಾವ್ರನ್ 1955ರಲ್ಲಿ ಪ್ರಕಟಿಸಿದ ಪುಸ್ತಕವೂ ಒಂದು ವಿಷಯದಲ್ಲಿ ಒಂದಾಗುತ್ತವೆ: ಈ ದೇಶದಲ್ಲಿ ನಂಬಿಕೆ ಹರಡಿದ್ದು ಬಂಧುಬಳಗದ ದಾರಿಯಲ್ಲಿ. ಮೆಕ್‌ಗಾವ್ರನ್ ಇದರಿಂದ ಒಂದೇ ಜಾತಿ ಭಾಷೆಯವರ ಸಭೆಗಳೇ ಬೆಳೆಯುತ್ತವೆ ಎಂಬ ಸೂತ್ರಕ್ಕೆ ಹೋದದ್ದನ್ನು ಒಪ್ಪುವುದು ಕಷ್ಟ. ಅದು ಚರ್ಚಿನೊಳಗೆ ಜಾತಿಗೆ ಪೀಠ ಹಾಕಿಕೊಡುತ್ತದೆ. ಆದರೆ ಮೂಲ ಗಮನಿಕೆ ನಿಜವಾಗಿದ್ದರೆ ಅದರ ಮರುಬದಿಯೂ ನಿಜ. ಬಂಧುಗಳ ಜೊತೆ ಬರುತ್ತಿದ್ದವನು ಬಂಧುಗಳಿಲ್ಲದ ಊರಿನಲ್ಲಿ ಬರುವುದನ್ನು ನಿಲ್ಲಿಸುತ್ತಾನೆ. ಅವನ ನಂಬಿಕೆ ಕೆಟ್ಟಿರುವುದಿಲ್ಲ, ಕರೆದುಕೊಂಡು ಹೋಗುವವರು ಇರುವುದಿಲ್ಲ. ಇದರ ಜೊತೆಗೆ ದುಡಿಮೆಯ ಹೊತ್ತು. ಆಸ್ಪತ್ರೆಯ ನರ್ಸು, ಹೋಟೆಲಿನ ಅಡುಗೆಯವರು, ಸೆಕ್ಯೂರಿಟಿಯವರು, ಊಟ ತಲುಪಿಸುವ ಹುಡುಗರು, ರಾತ್ರಿಪಾಳಿಯ ಕಾಲ್ ಸೆಂಟರಿನವರು, ಇವರ ವಾರದಲ್ಲಿ ಭಾನುವಾರ ಬೆಳಿಗ್ಗೆ ಬಿಡುವಿನ ಹೊತ್ತಲ್ಲ. ಶನಿವಾರ ಸಂಜೆಯ ಬಲಿಪೂಜೆಯನ್ನು ಭಾನುವಾರದ್ದಾಗಿ ಪರಿಗಣಿಸಲು ಕ್ಯಾಥೊಲಿಕ್ ನಿಯಮ ಈಗಾಗಲೇ ಅವಕಾಶ ಕೊಟ್ಟಿದೆ. ಪ್ರೊಟೆಸ್ಟೆಂಟ್ ಸಭೆಗಳಿಗಂತೂ ಹೊತ್ತು ಬದಲಿಸಲು ಯಾರ ಅಪ್ಪಣೆಯ ತೊಡಕೂ ಹೆಚ್ಚಿಲ್ಲ. ಊರಿನ ಸಭಾಪಾಲಕರು ಹೊರಟ ಹುಡುಗಿಯ ಹೆಸರನ್ನು ನಗರದ ಸಭಾಪಾಲಕರಿಗೆ ಒಂದು ಫೋನಿನಲ್ಲಿ ತಿಳಿಸಿದರೆ, ಅಲ್ಲಿನ ಒಂದು ಕುಟುಂಬ ಅವಳನ್ನು ಒಂದು ಮಧ್ಯಾಹ್ನ ಊಟಕ್ಕೆ ಕರೆದರೆ, ಕೂಟಕ್ಕೆ ಹಾಕುವ ಶಾಮಿಯಾನದ ಖರ್ಚಿಲ್ಲದೆ ಕೆಲಸವಾಗುತ್ತದೆ.

ಎರಡನೆಯ ಕಾರಣ ಭಾಷೆ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯಲ್ಲಿ ಜನರ ಭಾಷೆಗೆ ದಾರಿ ತೆರೆದ ಮೇಲೆ ಲ್ಯಾಟಿನ್ ಹೋಗಿ ಕನ್ನಡ, ಕೊಂಕಣಿ, ತಮಿಳು ಬಂದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇದನ್ನು ಶತಮಾನಕ್ಕೂ ಮೊದಲೇ ಅರಿತು ಕನ್ನಡದಲ್ಲೂ ತುಳುವಿನಲ್ಲೂ ಹಾಡು, ಪ್ರಾರ್ಥನೆ, ಪುಸ್ತಕ ಸಿದ್ಧಪಡಿಸಿದ್ದರು. ಈಗಿನ ತೊಡಕು ಇನ್ನೊಂದು ಬಗೆಯದು. ಬೆಂಗಳೂರಿನ ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ ಕನ್ನಡದ ಬಲಿಪೂಜೆಗಾಗಿ ದಶಕಗಳ ಕಾಲ ಹೋರಾಟ ನಡೆಯಬೇಕಾಯಿತು. ಯಾವ ಭಾಷೆಗೆ ಯಾವ ಹೊತ್ತು ಎಂಬುದು ಪ್ರಾರ್ಥನೆಯ ವಿಷಯವಾಗಿ ಉಳಿಯದೆ ಬಲಾಬಲದ ವಿಷಯವಾಯಿತು; ನಾಡಿನ ಭಾಷೆಗೇ ಜಗಳವಾಡಿ ಜಾಗ ಪಡೆಯಬೇಕಾದವರಲ್ಲಿ ಕೆಲವರು ಬೇಸತ್ತು ಹಿಂದೆ ಸರಿದರೆ ಆಶ್ಚರ್ಯವಿಲ್ಲ. ಇತ್ತ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಕ್ಕಳು ಅಪ್ಪ ಅಮ್ಮನ ಭಾಷೆಯ ಗ್ರಾಂಥಿಕ ಪ್ರಾರ್ಥನೆ ಅರ್ಥವಾಗದೆ ಮೊಬೈಲ್ ನೋಡುತ್ತಾ ಕೂರುತ್ತಾರೆ, ಹದಿನೆಂಟು ತುಂಬಿದ ಮೇಲೆ ಕೂರುವುದನ್ನೂ ಬಿಡುತ್ತಾರೆ. ಅವರಿಗೆ ಗಿಟಾರ್ ಕೊಟ್ಟರೆ ಸಾಕು ಎಂಬ ಸುಲಭ ಉತ್ತರ ಹೆಚ್ಚು ದಿನ ನಡೆಯದು. ಅವರು ಕೇಳುವ ಪ್ರಶ್ನೆಗಳಿಗೆ, ವಿಜ್ಞಾನ, ಅಂತರ್ಧರ್ಮೀಯ ಮದುವೆ, ದುಡ್ಡು, ರಾಜಕೀಯ ಎಲ್ಲವನ್ನೂ ಒಳಗೊಂಡ ಪ್ರಶ್ನೆಗಳಿಗೆ, ಗದರಿಸದೆ ಕಿವಿಗೊಡುವ ಒಬ್ಬ ಹಿರಿಯರು ಇರುವ ಸಭೆಯಲ್ಲಿ ಯುವಕರು ಭಾಷೆಯ ಕಷ್ಟವನ್ನೂ ಸಹಿಸಿಕೊಳ್ಳುತ್ತಾರೆ.

ಮೂರನೆಯ ಕಾರಣದ ಬಗ್ಗೆ ಸಭೆಗಳು ಮಾತಾಡಲು ಹಿಂಜರಿಯುತ್ತವೆ, ಏಕೆಂದರೆ ಇಲ್ಲಿ ತಪ್ಪು ಹೊರಗಿನದಲ್ಲ. ಕೆಲವರು ಬಾರದೆ ಇರುವುದು ಬಂದಾಗ ಆದ ಅವಮಾನದಿಂದ. ಚುನಾವಣೆಯ ಸೋಲುಗೆಲುವು ಕೋರ್ಟಿನ ಮೆಟ್ಟಿಲೇರಿ ಕುಟುಂಬಗಳು ಎರಡಾದ ಸಭೆಗಳಿವೆ. ಚಂದಾ ಬಾಕಿಯ ಪಟ್ಟಿಯಲ್ಲಿ ಹೆಸರು ಬಂದ ಬಡವರು ಮುಖ ತೋರಿಸಲು ನಾಚುತ್ತಾರೆ. ವಿಚ್ಛೇದನವಾದವರು, ಬೇರೆ ಧರ್ಮದವರನ್ನು ಮದುವೆಯಾದವರು ತಮ್ಮನ್ನು ಜನ ನೋಡುವ ನೋಟಕ್ಕೇ ಹೆದರುತ್ತಾರೆ. ಜಾತಿ ದೇವಾಲಯದ ಹೊಸ್ತಿಲಲ್ಲಿ ನಿಲ್ಲುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿರುವ ಮಾತು. ದಲಿತ ಕ್ರೈಸ್ತರ ವಿಷಯದಲ್ಲಿ ಇನ್ನೊಂದು ತೊಡಕಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಅದರೊಳಗೆ ಬಂದರು, ಕ್ರೈಸ್ತರು ಬರಲಿಲ್ಲ. ಮಕ್ಕಳ ವಿದ್ಯಾರ್ಥಿವೇತನ, ಮೀಸಲಾತಿ ಕೈತಪ್ಪುವ ಭಯವಿರುವ ಕುಟುಂಬ ಭಾನುವಾರ ಬಹಿರಂಗವಾಗಿ ಬೆಂಚಿನಲ್ಲಿ ಕೂರಲು ಎರಡು ಬಾರಿ ಯೋಚಿಸುತ್ತದೆ. ಅಂಥ ಮನೆಯವರನ್ನು ನಂಬಿಕೆಯಲ್ಲಿ ದುರ್ಬಲರು ಎಂದು ಪ್ರಸಂಗಪೀಠದಿಂದ ಟೀಕಿಸುವುದು ಅನ್ಯಾಯ. ಈ ಮೂರನೆಯ ಬಗೆಯವರನ್ನು ಯಾವ ಕಾರ್ಯಕ್ರಮವೂ ತಲುಪದು. ತಪ್ಪಾಗಿದ್ದರೆ ಕ್ಷಮೆ ಕೇಳುವುದು, ಚಂದಾ ವಸೂಲಿಯನ್ನು ಆರಾಧನೆಯಿಂದ ಬೇರೆಯಿಡುವುದು, ಜಗಳಗಳನ್ನು ಕೋರ್ಟಿಗೆ ಹೋಗುವ ಮುನ್ನ ತೀರಿಸುವ ಏರ್ಪಾಡು ಮಾಡುವುದು, ಇವೇ ಅಲ್ಲಿನ ಸುವಾರ್ತಾ ಸೇವೆ.

ನಾಲ್ಕನೆಯ ಬಗೆಯವರು ಬರಲು ಬಯಸಿಯೂ ಬರಲಾಗದವರು: ಹಾಸಿಗೆ ಹಿಡಿದವರು, ಮಕ್ಕಳೆಲ್ಲ ಗಲ್ಫಿಗೋ ಕೆನಡಾಕ್ಕೋ ಹೋಗಿ ಒಂಟಿಯಾದ ವೃದ್ಧರು, ಗಾಲಿಕುರ್ಚಿಯವರು, ಅವರನ್ನು ನೋಡಿಕೊಳ್ಳುವವರು. ಕರಾವಳಿಯ ಅನೇಕ ಕ್ರೈಸ್ತ ಮನೆಗಳಲ್ಲಿ ಇವತ್ತು ಉಳಿದಿರುವವರು ಇವರೇ. ರೋಗಿಗಳಿಗೆ ಪರಮಪ್ರಸಾದ ಒಯ್ಯುವ ಪದ್ಧತಿ ಕ್ಯಾಥೊಲಿಕರಲ್ಲಿ, ಮನೆಪ್ರಾರ್ಥನೆಯ ಪದ್ಧತಿ ಪ್ರೊಟೆಸ್ಟೆಂಟರಲ್ಲಿ ಗಟ್ಟಿಯಾಗಿದೆ. ಇಲ್ಲಿ ಬೇಕಾದದ್ದು ಒಂದು ಇಳಿಜಾರು ದಾರಿ, ಒಂದು ವಾಹನ ಮತ್ತು ತಪ್ಪದ ಸರದಿ. ಕೋವಿಡ್ ಕಾಲದಲ್ಲಿ ಆರಂಭವಾದ ನೇರ ಪ್ರಸಾರ ಇವರಿಗೆ ನಿಜವಾಗಿ ಉಪಕಾರಿ. ಅದೇ ಪ್ರಸಾರ ಆರೋಗ್ಯವಂತರಿಗೆ ಮನೆಯಲ್ಲೇ ಉಳಿಯುವ ನೆಪವಾಗುತ್ತದೆ ಎಂಬ ದೂರಿನಲ್ಲಿ ಸತ್ಯವಿದ್ದರೂ, ಅದಕ್ಕಾಗಿ ವೃದ್ಧರ ಪರದೆ ಆರಿಸುವುದು ಸರಿಯಲ್ಲ.

ಹೀಗೆ ಕಾರಣಗಳು ಬೇರೆಯಾದರೆ ಅವನ್ನು ತಿಳಿಯುವ ದಾರಿ ಯಾವುದು? ಆ ದಾರಿಯನ್ನು ಚರ್ಚುಗಳು ಹೊಸದಾಗಿ ಕಂಡುಹಿಡಿಯಬೇಕಿಲ್ಲ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ 528ನೆಯ ವಿಧಿ, ಆಚರಣೆ ನಿಲ್ಲಿಸಿದವರಿಗೂ ಸುವಾರ್ತೆ ತಲುಪುವಂತೆ ನೋಡುವುದು ಧರ್ಮಗುರುವಿನ ಹೊಣೆ ಎನ್ನುತ್ತದೆ. 529ನೆಯದು ಕುಟುಂಬಗಳನ್ನು ಭೇಟಿಮಾಡಿ, ಬಡವರನ್ನೂ ರೋಗಿಗಳನ್ನೂ ಒಂಟಿಯವರನ್ನೂ ನಾಡು ತೊರೆದು ಬಂದವರನ್ನೂ ಹುಡುಕಿಹೋಗಬೇಕು ಎನ್ನುತ್ತದೆ. ಮಂಗಳೂರು, ಉಡುಪಿ ಕಡೆಯ ಧರ್ಮಕೇಂದ್ರಗಳಲ್ಲಿ ವಾಳೆ ಅಥವಾ ವಾರ್ಡು, ಅದಕ್ಕೊಬ್ಬ ಗುರ್ಕಾರ ಎಂಬ ಮುಖಂಡ, ಅದರೊಳಗೆ ಕಿರು ಕ್ರೈಸ್ತ ಸಮುದಾಯಗಳು ಇವೆ. ದಕ್ಷಿಣ ಭಾರತ ಸಭೆಗೆ (ಸಿಎಸ್‌ಐ) ಸೇರಿದ ಸಭೆಗಳಲ್ಲಿ ಸ್ತ್ರೀಯರ ಅನ್ಯೋನ್ಯ ಕೂಟವೂ ಮನೆಕೂಟಗಳೂ ಇವೆ. ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮೆಥಡಿಸ್ಟರು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದಾಗ ತಮ್ಮ ಜೊತೆ ತಂದ ಪರಂಪರೆಯೊಂದು ಇಲ್ಲಿ ನೆನಪಿಗೆ ಯೋಗ್ಯ. 1742ರಲ್ಲಿ ಬ್ರಿಸ್ಟಲ್ ನಗರದ ಮೆಥಡಿಸ್ಟರು ಪ್ರಾರ್ಥನಾಮಂದಿರ ಕಟ್ಟಿದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಎತ್ತಲು ನಿರ್ಧರಿಸಿದರು. ಒಬ್ಬೊಬ್ಬ ಮುಖಂಡ ಹನ್ನೊಂದು ಜನರ ಮನೆಗೆ ಹೋಗಬೇಕೆಂದಾಯಿತು. ಹೋದವರು ಹಣದ ಜೊತೆ ಮನೆಯ ಕಷ್ಟಸುಖದ ಸುದ್ದಿಯನ್ನೂ ತಂದರು. ಜಾನ್ ವೆಸ್ಲಿ ಅದರ ಬೆಲೆ ಅರಿತು ಆ ವಸೂಲಿಯ ಏರ್ಪಾಡನ್ನೇ ಸಭಾಪಾಲನೆಯ ಬೆನ್ನೆಲುಬಾಗಿ ಮಾಡಿದರು. ನಮ್ಮಲ್ಲಿ ಅನೇಕ ಕಡೆ ಆಗಿರುವುದು ಇದಕ್ಕೆ ತಿರುಗಾಮುರುಗಾ: ಕಷ್ಟಸುಖ ಕೇಳಲು ಶುರುವಾದ ಮನೆಭೇಟಿ ವರ್ಷಕ್ಕೊಮ್ಮೆ ಮನೆ ಆಶೀರ್ವಾದ ಮಾಡಿ, ಕಾಣಿಕೆಯ ಲಕೋಟೆ ಪಡೆದು, ಹತ್ತು ನಿಮಿಷದಲ್ಲಿ ಮುಂದಿನ ಮನೆಗೆ ಹೋಗುವ ಕ್ರಮವಾಗಿದೆ. ಹೊಸ ಯೋಜನೆ ಹೂಡುವ ಮುನ್ನ ಈ ಹಳೆಯ ಪದ್ಧತಿಗೆ ಅದರ ಜೀವ ಮರಳಿಸುವುದು ಅಗತ್ಯ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಜನಬಲದ್ದು. ಸಾವಿರ ಕುಟುಂಬಗಳ ಧರ್ಮಕೇಂದ್ರದಲ್ಲಿ ಇಬ್ಬರು ಗುರುಗಳು ಎಷ್ಟು ಮನೆಗೆ ಹೋದಾರು? ಹೋಗಲಾರರು, ನಿಜ. ಆದರೆ ವೆಸ್ಲಿಯ ಮುಖಂಡರು ಪಾದ್ರಿಗಳಾಗಿರಲಿಲ್ಲ, ಸಾಮಾನ್ಯ ಸದಸ್ಯರಾಗಿದ್ದರು. ಹನ್ನೆರಡು ಮನೆಗೆ ಒಬ್ಬರಂತೆ ಸಾವಿರ ಮನೆಗೆ ಎಂಬತ್ತನಾಲ್ಕು ಜನ ಸಾಕು. ಕ್ರಿಸ್‌ಮಸ್ ಗೋದಲಿ ಕಟ್ಟಲು, ಹಬ್ಬದ ಊಟ ಬಡಿಸಲು ಅಷ್ಟು ಜನ ಮುಂದೆ ಬರುತ್ತಾರೆ. ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಇದು ಬೇಹುಗಾರಿಕೆಯಾಗದೇ? ಬಾರದವನಿಗೂ ಬಾರದಿರುವ ಸ್ವಾತಂತ್ರ್ಯವಿದೆ. ಒಮ್ಮೆ ಹೋಗಿ, ಬೇಡವೆಂದರೆ ಗೌರವದಿಂದ ಹಿಂತಿರುಗಿ, ಕೇಳಿದ್ದನ್ನು ಬೀದಿಯಲ್ಲಿ ಹರಡದೆ ಇರುವ ಶಿಸ್ತು ಇಲ್ಲದವರನ್ನು ಈ ಕೆಲಸಕ್ಕೆ ಕಳಿಸಲೇಬಾರದು. ಮನೆಯ ಗುಟ್ಟು ಸಮಿತಿಯ ಚರ್ಚೆಗೆ ಬಂದ ದಿನವೇ ಆ ಮನೆಯ ಬಾಗಿಲು ಕೊನೆಯ ಬಾರಿ ಮುಚ್ಚುತ್ತದೆ. ಮೂರನೆಯ ಆಕ್ಷೇಪ ಉಪದೇಶಕರದ್ದು. ಚರ್ಚಿನ ಕೆಲಸ ವಾಕ್ಯ ಸಾರುವುದು, ನೀವು ಅದನ್ನು ಸಮಾಜಸೇವೆಗೆ ಇಳಿಸುತ್ತಿದ್ದೀರಿ ಎನ್ನುತ್ತಾರೆ ಅವರು. ವಾಕ್ಯಕ್ಕೆ ಕೇಳುವವರು ಬೇಕು. ಎದುರಿಗಿರುವವನ ಹೆಸರು ತಿಳಿಯದೆ ಮಾಡಿದ ಪ್ರಸಂಗವನ್ನು ಅವನು ತನಗೆ ಹೇಳಿದ್ದೆಂದು ತೆಗೆದುಕೊಳ್ಳುವುದಿಲ್ಲ. ಮಧುರೈಯಲ್ಲೂ ಮದ್ರಾಸಿನಲ್ಲೂ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್ ಸುವಾರ್ತೆಗೆ ನಂಬಲರ್ಹ ವಿವರಣೆ ಅದರಂತೆ ಬದುಕುವ ಸ್ಥಳೀಯ ಸಭೆಯೇ ಎಂದು ವಾದಿಸಿದ್ದು ಇದೇ ಅರ್ಥದಲ್ಲಿ.

ಇನ್ನು ಕ್ರೈಸ್ತರಲ್ಲದ ನೆರೆಯವರ ಮಾತು. ಚರ್ಚಿಗೆ ಬಾರದವರು ಎಂದಾಗ ಅವರೂ ಲೆಕ್ಕಕ್ಕೆ ಬರುತ್ತಾರೆಯೇ? ಇಲ್ಲಿ ಎಚ್ಚರ ಬೇಕು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಆಮಿಷ, ಒತ್ತಡದ ಮತಾಂತರ ತಡೆಯುವ ಹೆಸರಿನಲ್ಲಿ ಕರ್ನಾಟಕ 2022ರಲ್ಲಿ ತಂದ ಕಾಯ್ದೆಯನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದರೂ ಅನುಮಾನದ ವಾತಾವರಣ ಮರೆಯಾಗಿಲ್ಲ. ಕಾನೂನನ್ನು ಬದಿಗಿಟ್ಟರೂ, ಅಕ್ಕಿಚೀಲ ಕೊಟ್ಟು ಕರೆಯುವುದು ಸುವಾರ್ತೆಗೇ ಅವಮಾನ. ವಾಸ್ತವದಲ್ಲಿ ನೆರೆಯವರು ತಾವಾಗಿಯೇ ಬರುತ್ತಿದ್ದಾರೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರ, ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ಜನವರಿ ಜಾತ್ರೆಯಲ್ಲಿ, ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬದಂದು, ಕೆ.ಆರ್. ನಗರದ ಬಳಿಯ ದೋರನಹಳ್ಳಿಯ ದೇವಾಲಯದಲ್ಲಿ ಜೂನ್ 13ರ ಹಬ್ಬದಂದು ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಹರಕೆ ಹೊತ್ತು ಬಂದವರಿಗೆ ಸದಸ್ಯತ್ವದ ಅರ್ಜಿ ಬೇಕಿಲ್ಲ. ನೆರಳು, ನೀರು, ಮರ್ಯಾದೆಯ ಮಾತು, ಕೇಳಿದರೆ ಒಂದು ಪ್ರಾರ್ಥನೆ, ಕೇಳಿದರೆ ಪ್ರಾಮಾಣಿಕ ಉತ್ತರ ಬೇಕು. ಚರ್ಚಿನ ಶಾಲೆ, ಆಸ್ಪತ್ರೆಗಳ ಸೇವೆಗೂ ಇದೇ ಮಾತು ಅನ್ವಯಿಸುತ್ತದೆ. ಎಷ್ಟು ಜನ ಸೇರಿದರು ಎಂಬ ಎಣಿಕೆ ಒಳಗೆ ಬಂದರೆ ಸೇವೆ ಬಲೆಯಾಗುತ್ತದೆ. ಹಾಗಾದರೆ ಬಾರದ ಸದಸ್ಯರ ಎಣಿಕೆ ಸರಿ, ನೆರೆಯವರ ಎಣಿಕೆ ತಪ್ಪೇ ಎಂದು ಕೇಳಬಹುದು. ಹೌದು. ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರು ಬರೆದುಕೊಂಡವರ ಬಗ್ಗೆ ಸಭೆ ಹೊಣೆ ಹೊತ್ತಿದೆ, ಆ ಹೊಣೆಗೆ ಲೆಕ್ಕ ಬೇಕು. ನೆರೆಯವರ ಬಗ್ಗೆ ಇರುವುದು ನೆರೆಹೊರೆಯ ಪ್ರೀತಿ, ಅದಕ್ಕೆ ಲೆಕ್ಕವಿಲ್ಲ.

ಇಷ್ಟೆಲ್ಲ ಮಾಡಿದರೂ ಭಾನುವಾರದ ಬೆಂಚು ತುಂಬುತ್ತದೆಯೇ? ಭರವಸೆ ಕೊಡಲಾಗದು. ಶನಿವಾರ ಸಂಜೆ ಹತ್ತು ನರ್ಸುಗಳು ಬರಬಹುದು, ಹತ್ತು ವರ್ಷ ದೂರವಿದ್ದ ಒಂದು ಕುಟುಂಬ ಈಸ್ಟರಿಗೆ ಬರಬಹುದು, ನೊಂದ ಇನ್ನೊಂದು ಕುಟುಂಬ ಎಂದೂ ಬಾರದೆ ಇರಬಹುದು. ಆ ಕೊನೆಯ ಕುಟುಂಬದ ಮನೆಯಲ್ಲಿ ಸಾವಾದಾಗ ಸಭೆಯವರು ಮೊದಲು ಅಲ್ಲಿ ನಿಂತಿದ್ದರೆ, ಸಭೆ ಅವರನ್ನು ತಲುಪಿತೆಂದೇ ಅರ್ಥ. ಹಾಜರಿ ಹೆಚ್ಚುವುದು ಒಳ್ಳೆಯ ಫಲ, ಆದರೆ ಗುರಿಯಾಗಿ ಅದನ್ನು ಇಟ್ಟುಕೊಂಡ ಸಭೆ ಬಂದವರನ್ನು ಎಣಿಸುತ್ತಾ ಬಾರದವರನ್ನು ಮತ್ತೆ ಮರೆಯುತ್ತದೆ. ಪ್ರತಿ ಸಭೆಯೂ ವರ್ಷಕ್ಕೊಮ್ಮೆ ಸಾಮಾನ್ಯ ಸಭೆಯಲ್ಲಿ ಆಯವ್ಯಯ ಓದಿ ಒಪ್ಪಿಗೆ ಪಡೆಯುತ್ತದೆ. ಈ ವರ್ಷದಿಂದ ಅದರ ಜೊತೆಗೆ ಇನ್ನೊಂದು ಪುಟ ಸೇರಲಿ: ಎಷ್ಟು ಮನೆಯವರು ಬರುತ್ತಿಲ್ಲ, ಅವರಲ್ಲಿ ಎಷ್ಟು ಮನೆಗೆ ನಾವು ಹೋದೆವು, ಅವರು ಹೇಳಿದ ಕಾರಣಗಳಲ್ಲಿ ನಾವು ತಿದ್ದಬೇಕಾದವು ಯಾವುವು, ತಿದ್ದಿದವು ಯಾವುವು. ಯಾರ ಹೆಸರೂ ಬೇಡ, ಸಂಖ್ಯೆ ಮತ್ತು ಕಾರಣ ಸಾಕು. ಸಭಾ ಸಮಿತಿಯವರು, ಗುರ್ಕಾರರು, ಸಭಾಪಾಲಕರು ಮುಂದಿನ ಉಜ್ಜೀವನ ಕೂಟದ ಬಜೆಟ್‌ಗೆ ಸಹಿ ಹಾಕುವ ಮುನ್ನ ಆ ಒಂದು ಪುಟವನ್ನು ಬರೆದು ಮುಗಿಸಲಿ.